ಕೂತ ರೋಮನ್ ಸೈನಿಕ

ಮೊಮ್ಮಗಳ ಕೈಗಂಟಿದ ಜೇಡಿಮಣ್ಣು ತೊಳೆಯುವಾಗ, ಅದರ ವಾಸನೆಗೆ ಹುಣಸೂರಿನ ನಮ್ಮ ಮನೆ ನೆನಪಾಯಿತು.

ಆಗ ಶಾಲೆಯ ವಸ್ತುಪ್ರದರ್ಶನಕ್ಕೆ ನಾನು ರೋಮನ್ನರ ಯುದ್ಧದ ಮಾದರಿ ಮಾಡುತ್ತಿದ್ದೆ. ಚರಿತ್ರೆ ಪುಸ್ತಕದ ಚಿತ್ರ ನೋಡಿಕೊಂಡು ಬೆರಳುದ್ದದ ಮಣ್ಣಿನ ಸೈನಿಕರು, ಪೊರಕೆಕಡ್ಡಿಯ ಈಟಿ, ಡಬ್ಬದ ತಗಡಿನ ಗುರಾಣಿ. ಒಣಗಿದ ಮೇಲೆ ಎಲ್ಲರ ಕಾಲೂ ಬಿರುಕುಬಿಟ್ಟವು. ಅಳುತ್ತಾ ಕೂತೆ.

ಹೊಗೆಸೊಪ್ಪು ಕಟ್ಟುವ ಕೂಲಿಯಿಂದ ಬಂದ ಅವ್ವ, ಬೆರಳಿನ ಅಂಟು ಉಜ್ಜಿಕೊಂಡು, ಮಣ್ಣಿಗೆ ಹತ್ತಿ ಸೇರಿಸಿ ನಾದಿ, ಕಾಲುಗಳನ್ನು ಹೊಸದಾಗಿ ಮಾಡಿದಳು. ಕೊನೆಯವನನ್ನು ಮಾತ್ರ ಗುರಾಣಿಗೆ ಒರಗಿಸಿ ಕೂರಿಸಿಬಿಟ್ಟಳು.

"ಯುದ್ಧದಾಗೆ ಯಾರವ್ವ ಕೂತ್ಕತಾರೆ?" ಅಂದೆ.

"ಬೆಳಗ್ಗಿಂದ ನಿಂತವ್ನೆ ಕಣವ್ವ. ಒಂದ್ಗಳಿಗೆ ಕೂತ್ಕಳ್ಳಿ ಬುಡು."

ಶಾಲೆಯಲ್ಲಿ ಮೇಷ್ಟ್ರು ಆ ಕೂತವನನ್ನು ತೆಗೆ ಎಂದರು. "ಅವ್ನಿಗೆ ಸುಸ್ತಾಗೈತೆ ಸಾ" ಅಂದೆ. ನಕ್ಕು ಮುಂದಿನ ಮೇಜಿಗೆ ಹೋದರು. ಬಹುಮಾನ ಬರಲಿಲ್ಲ.

ಸಂಜೆ ಕೆಲಸದಿಂದ ನೇರ ಶಾಲೆಗೆ ಬಂದ ಅವ್ವ ಸೈನಿಕರನ್ನು ತುಂಬಾ ಹೊತ್ತು ನೋಡಿದಳು. "ಬೇಜಾರಾಯ್ತೇನವ್ವ?" ಎಂದು ನನ್ನನ್ನು ಕೇಳುತ್ತಲೇ ಮೇಜಿನ ಕಾಲಿಗೆ ಒರಗಿ ಕೂತವಳು ಹಾಗೇ ನಿದ್ದೆ ಹೋದಳು. ಬೀಗ ಹಾಕಲು ಬಂದ ಮೇಷ್ಟ್ರು ಅವಳನ್ನು ಎಬ್ಬಿಸಲಿಲ್ಲ. ಬೀಗ ಹಿಡಿದು ಜಗಲಿಯಲ್ಲೇ ಕಾದರು.

ಈಗ ನನ್ನ ಮಗಳಿಗೆ ಅವ್ವನ ಆಗಿನ ವಯಸ್ಸು. ಕೆಲಸದಿಂದ ಬಂದು ಚಪ್ಪಲಿಯನ್ನೂ ಬಿಚ್ಚದೆ ಸೋಫಾದಲ್ಲೇ ಮಲಗಿದ್ದಾಳೆ. ಟೀವಿ ಆರಿಸಿ ಬಂದೆ.