ಮಿಷಿನ್ ತಿಂದ ಬೊಗಸೆ ಕಾಳು

“ಸುಲಿದಿದ್ದು ಮಿಷಿನ್ನು, ನಿಮಗ್ಯಾಕ ಕಾಳು?” ಎಂದರು ಕೊಟ್ಟೂರಿನ ಶೇಂಗಾ ಸಾಹುಕಾರರು. ಉಡಿಯೊಡ್ಡಿ ನಿಂತಿದ್ದವಳು ನನ್ನ ಚಿಕ್ಕಮ್ಮ. ಹೆಂಗಸರು ಕೈಯಲ್ಲಿ ಸುಲಿಯುವಾಗ ಸಂಜೆ ಕೂಲಿಯ ಜೊತೆ ಬೊಗಸೆ ಕಾಳು ಕೊಡುವುದು ಪದ್ಧತಿಯಾಗಿತ್ತು. ಈಗ ಅವರಿಗೆ ಉಳಿದದ್ದು ಮಿಷಿನ್ ಒಡೆದು ಹಾಳುಮಾಡಿದ ಕಾಳು ಆರಿಸಿ ತೆಗೆಯುವ ಕೆಲಸ.

ನಮ್ಮ ಮನೆತನದಲ್ಲಿ ಬಿ.ಎ. ಮಾಡಿದ ಮೊದಲಿಗ ನಾನು. ಚಿಕ್ಕಮ್ಮನ ಜೊತೆಗಿದ್ದವನು ಸಿಟ್ಟಿನಲ್ಲಿ ಸಮಾಜವಾದ, ಮಾರುಕಟ್ಟೆ ಎಂದು ವಾದಕ್ಕಿಳಿದೆ.

“ರಷ್ಯಾದಾಗ ಮುಳುಗಿದ್ದನ್ನ ಕೊಟ್ಟೂರಾಗ ಎಬ್ಬಸ್ತೀಯೇನಪಾ?” ಎಂದು ಅವರು ನಕ್ಕರು. ನಾನೂ ಬಿಡಲಿಲ್ಲ. ಮಾತು ಅಮೆರಿಕದವರೆಗೂ ಹೋಯಿತು.

ಚಿಕ್ಕಮ್ಮ ನನ್ನನ್ನೇ ಗದರಿದಳು: “ಲೇ, ರಷ್ಯಾ ಹಾಳಾಗ್ಲಿ! ಮಿಷಿನ್ ಮಾಡಿದ ತಪ್ಪು ತಿದ್ದಾಕ ನಾವು ಬೇಕು, ಕಾಳು ಕೊಡೋವಾಗ ಬ್ಯಾಡೇನು? ಅದನ್ನ ಕೇಳು!”

ಸಾಹುಕಾರರು ಗೇಟು ಹಾಕಿಸಿದರು.

ಅವರ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಅದಕ್ಕಿಂತ ಹೆಚ್ಚಿನ ಸಿಟ್ಟು ನನ್ನ ಮೇಲಿದೆ. ಅಷ್ಟು ಓದಿಯೂ ಆ ಪ್ರಶ್ನೆ ನನಗೆ ಮೊದಲು ಹೊಳೆಯಲಿಲ್ಲ.