ಕಮಲವಲ್ಲ, ಗಿಳಿ

ನಿನ್ನೆಯಿಂದ ನನ್ನ ಕತ್ತಿಗೆ ಹತ್ತಿದ ಮುಲಾಮಿನ ವಾಸನೆ ಹೋಗಿಲ್ಲ. ಅದು ಮೂಗಿಗೆ ಬಡಿದಾಗಲೆಲ್ಲ ಪಕ್ಕದ ಮನೆ ಆಂಟಿ ನೆನಪಾಗುತ್ತಾರೆ, ಜೊತೆಗೆ ಹಳೆಯ ಹೊಟ್ಟೆಕಿಚ್ಚೂ ಏಳುತ್ತದೆ... ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಅನ್ನುತ್ತಾರೆ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ.

ಬ್ಯಾಂಕಿನಿಂದ ರಿಟೈರ್ ಆದಮೇಲೆ ಆಂಟಿಗೆ ಒಂದು ಹುಚ್ಚು ಹತ್ತಿತ್ತು. ಪೇಟೆಯ ಹಳೆಯ ಕಟ್ಟಡಗಳ ನೆತ್ತಿಯ ಮೇಲೆ ಗಾರೆ ಗೊಂಬೆಗಳಿವೆಯಲ್ಲ, ಅವು ಯಾವ ದೇವರವು ಎಂದು ಗುರುತಿಸುವುದು. ಭಾನುವಾರ ಬೆಳಿಗ್ಗೆ ನಮ್ಮಮ್ಮನನ್ನು ಕರೆದುಕೊಂಡು ಜಯನಗರದಲ್ಲಿ ಮೆಟ್ರೋ ಹತ್ತುತ್ತಿದ್ದರು. ನನ್ನ ಜೊತೆ ಪಾರ್ಕಿಗೆ ಬರಲೂ ಮಂಡಿನೋವು ಅನ್ನುತ್ತಿದ್ದ ಅಮ್ಮ, ಆಂಟಿ ಬಂದು ಗೇಟು ತಟ್ಟುವ ಮೊದಲೇ ಚಪ್ಪಲಿ ಮೆಟ್ಟಿ ನಿಂತಿರುತ್ತಿದ್ದಳು.

ಒಮ್ಮೆ ನಾನೂ ಹಟಮಾಡಿ ಹೋದೆ. ಅವತ್ತು ನೋಡಿದ್ದು ಅಮ್ಮನ ತವರುಮನೆ. ಎಂದೋ ಮಾರಿದ್ದು, ಈಗ ಕೆಳಗೆ ಸೀರೆ ಅಂಗಡಿ, ಮೇಲೆ ಗೋಡೌನು. ಅದರ ನೆತ್ತಿಯ ಮೇಲಿನ ಗೊಂಬೆಯ ಕೆಳಗೇ ನಾನು ರಜೆಯಲ್ಲೆಲ್ಲ ಆಡಿದವಳು. ಇದನ್ನಾದರೂ ನಾನೇ ಹೇಳೋಣವೆಂದು "ಅದು ಲಕ್ಷ್ಮಿ" ಅಂದೆ.

ಆಂಟಿ ಬೈನಾಕ್ಯುಲರ್ ಕಣ್ಣಿಂದ ತೆಗೆಯದೆಯೇ ಅಮ್ಮನಿಗೆ ಹೇಳಿದರು: "ಲಕ್ಷ್ಮಿ ಅಲ್ಲ ಕಣ್ರೀ. ಪೇಂಟ್ ಮೇಲೆ ಪೇಂಟ್ ಬಳಿದು ಹಂಗೆ ಕಾಣ್ತಿದೆ. ಕೈಲಿರೋದು ಕಮಲ ಅಲ್ಲ, ಗಿಳಿ. ಕೊಕ್ಕು ನೋಡಿ. ಮೀನಾಕ್ಷಿ ಇವಳು."

ಅಮ್ಮ ನೋಡಿದಳು. ನಡುರಸ್ತೆಯಲ್ಲಿ ಹುಡುಗಿಯ ಹಾಗೆ ನಕ್ಕಳು. "ಅಯ್ಯೋ, ಇಷ್ಟು ವರ್ಷ ಮೀನಾಕ್ಷಿ ಹತ್ರ ದುಡ್ಡು ಕೇಳ್ತಿದ್ವಾ ನಾವು!"

ಅಮ್ಮನನ್ನು ಹಾಗೆ ನಗಿಸಲು ನನಗೆ ಒಂದು ದಿನವೂ ಆಗಿರಲಿಲ್ಲ. ಮನೆಗೆ ಬಂದಮೇಲೆ, ಮೇಲೆ ನೋಡಿ ನೋಡಿ ಹಿಡಿದುಕೊಂಡಿದ್ದ ಆಂಟಿಯ ಕತ್ತಿಗೆ ಅಮ್ಮ ಮುಲಾಮು ತಿಕ್ಕುತ್ತ ಕೂತಳು. ನನ್ನ ಕತ್ತೂ ನೋಯುತ್ತಿತ್ತು, ಯಾರೂ ಕೇಳಲಿಲ್ಲ.

ಹೋದ ವರ್ಷ ಆಂಟಿ ತೀರಿಕೊಂಡರು. ಅಮ್ಮ ಪೇಟೆಯ ಮಾತನ್ನೇ ಬಿಟ್ಟಳು. ನಿನ್ನೆ ನಾನೇ ಬಲವಂತ ಮಾಡಿ ಕರೆದುಕೊಂಡು ಹೋದೆ, ಗೊಂಬೆಗಳ ಬಗ್ಗೆ ಓದಿಕೊಂಡೇ ಹೋಗಿದ್ದೆ. ನವಿಲು, ಈಟಿ ತೋರಿಸಿ "ಅಮ್ಮ, ಅದು ಸುಬ್ರಹ್ಮಣ್ಯ" ಅಂದೆ.

"ಗೊತ್ತು ಕಣೇ. ಅವ್ರು ಹೇಳಿದ್ರು."

ಪ್ರತಿ ಗೊಂಬೆಗೂ ಅದೇ ಉತ್ತರ.

ಮನೆಗೆ ಬಂದು ಕತ್ತು ಹಿಡಿದುಕೊಂಡು ಕೂತೆ. ಅಮ್ಮ ತಾನಾಗಿಯೇ ಡಬ್ಬಿ ತಂದು ತಿಕ್ಕತೊಡಗಿದಳು. ಆ ಬೆರಳುಗಳಿಗೆ ಎಷ್ಟು ಕಾದಿದ್ದೆ... ನನಗೆ ನೋಯುತ್ತಿದ್ದುದು ಬಲಗಡೆ. ಅಮ್ಮ ಎಡಗಡೆ ತಿಕ್ಕುತ್ತಿದ್ದಳು.

"ಅವ್ರಿಗೆ ಯಾವಾಗ್ಲೂ ಇಲ್ಲೇ ಹಿಡ್ಕೋತಿತ್ತು," ಅಂದಳು.

ಬಲಗಡೆ ಎಂದು ನಾನು ಹೇಳಲಿಲ್ಲ.