ಡಾಕ್ಟರ್ ಪಾಟೀಲರಿಗೆ ಬಂದ ಫೋನು

ದೆವ್ವ ಭೂತಗಳನ್ನು ನಾನು ಎಂದೂ ನಂಬಿದವನಲ್ಲ. ಯಾರಾದರೂ ಅಂಥ ಕಥೆ ಶುರುಮಾಡಿದರೆ ಕಾಫಿ ತರುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ಎದ್ದು ಹೋದರೂ ಬೇಸರವಿಲ್ಲ. ಇದು ನಡೆದದ್ದು ಕೆಲವು ವರ್ಷಗಳ ಹಿಂದೆ, ಅದೂ ಮಟಮಟ ಮಧ್ಯಾಹ್ನ.

ವಾರವೆಲ್ಲ ಶಿಕಾಗೋ ಪಕ್ಕದ ಲೈಲ್‌ನ ಆಫೀಸಿನಲ್ಲಿ ಕೂರುವ ನಾನು ಶನಿವಾರ ಕ್ಯಾಮೆರಾ ಹಿಡಿದು ಮಿಷಿಗನ್ ಸರೋವರದ ದಂಡೆಗೆ ಹೋಗುತ್ತೇನೆ. ಮೊದಮೊದಲು ತೆಗೆಯುತ್ತಿದ್ದದ್ದು ಮರಳ ದಿಬ್ಬ, ನೀರು, ಆಕಾಶ. ಆಮೇಲೆ ಅದೇ ದಂಡೆಯ ಸೌತ್ ಹೇವನ್ ಊರಿನ ಹಳೆಯ ಯಹೂದಿ ರೆಸಾರ್ಟ್‌ಗಳ ಹುಚ್ಚು ಹಿಡಿಯಿತು. ಒಂದು ಕಾಲದಲ್ಲಿ ಎಷ್ಟೋ ಹೋಟೆಲುಗಳು ಯಹೂದಿಗಳಿಗೆ ರೂಮು ಕೊಡುತ್ತಿರಲಿಲ್ಲ. ಅವರು ತಮ್ಮದೇ ರೆಸಾರ್ಟ್ ಕಟ್ಟಿಕೊಂಡು, ಬೇಸಿಗೆ ಬಂತೆಂದರೆ ಶಿಕಾಗೋದಿಂದ ಸಂಸಾರ ಸಮೇತ ಬಂದು ಇಲ್ಲಿ ಉಳಿಯುತ್ತಿದ್ದರು. ಈಗ ಒಂದೊಂದೇ ಮಾಯವಾಗುತ್ತಿವೆ.

ಅಂಥದೊಂದನ್ನು ಸೋಮವಾರ ಕೆಡವುತ್ತಾರೆಂದು ಗೊತ್ತಾಯಿತು. ಬಾಲ್ಯದ ಬೇಸಿಗೆಗಳನ್ನೆಲ್ಲ ಅಲ್ಲೇ ಕಳೆದಿದ್ದ ಎಂಬತ್ತೆಂಟು ವರ್ಷದ ಎಸ್ತರ್ ಅಜ್ಜಿ ಈ ಹುಚ್ಚಿನಿಂದಲೇ ನನಗೆ ಪರಿಚಯವಾದವರು; ತಾನು ಗಂಡನನ್ನು ಮೊದಲು ಕಂಡ ಊಟದ ಕೋಣೆಯ ಒಂದು ಫೋಟೋ ಬೇಕೆಂದು ಫೋನಿನಲ್ಲಿ ಅತ್ತೇಬಿಟ್ಟರು. ಮಾಲೀಕರಿಂದ ಬೀಗದ ಕೈ ಪಡೆದು ಶನಿವಾರ ಹೊರಟೆ. ಮಿಷಿಗನ್ ರಾಜ್ಯದ ಆಚೆ ತುದಿಯ ನಾರ್ತ್‌ವಿಲ್‌ನಿಂದ ಗೆಳೆಯ ಪಾಟೀಲರೂ ಬಂದು ಸೇರಿಕೊಂಡರು. ಧಾರವಾಡದ ಕಡೆಯವರು, ಆನ್ ಆರ್ಬರ್‌ನಲ್ಲಿ ಹೃದಯದ ಡಾಕ್ಟರು.

ಊಟದ ಕೋಣೆಯ ನಡುವೆ ಟ್ರೈಪಾಡ್ ನಿಲ್ಲಿಸಿ ನಾಲ್ಕು ಫೋಟೋ ತೆಗೆದೆ. ಲೆನ್ಸ್ ಬದಲಾಯಿಸಲು ಕ್ಯಾಮೆರಾ ಬಿಚ್ಚಿ ಕೈಗೆ ತೆಗೆದುಕೊಂಡೆ, ಅಷ್ಟೇ. ಗೋಡೆಯ ಮೇಲಿದ್ದ ತುಕ್ಕು ಹಿಡಿದ ಲೌಡ್‌ಸ್ಪೀಕರ್ ಕರಕರ ಎಂದಿತು. ಹೆಂಗಸಿನ ದನಿಯೊಂದು ಸ್ಪಷ್ಟವಾಗಿ ಕೂಗಿತು: "ಡಾಕ್ಟರ್ ಪಾಟೀಲ್, ಟೆಲಿಫೋನ್!"

ಆ ಕಟ್ಟಡಕ್ಕೆ ಕರೆಂಟು ಕಿತ್ತು ವರ್ಷಗಳಾಗಿದ್ದವು. ನಾನು ನಿಂತಲ್ಲೇ ಕಲ್ಲಾದೆ. ಪಾಟೀಲರಿಗೆ ಮಾತ್ರ ಇಪ್ಪತ್ತು ವರ್ಷದ ಆಸ್ಪತ್ರೆಯ ಅಭ್ಯಾಸ. "ಬಂದೆ, ಬಂದೆ," ಎನ್ನುತ್ತ ಓಡಿದರು. ಒಬ್ಬನೇ ನಿಲ್ಲಲು ಧೈರ್ಯವಾಗದೆ ನಾನೂ ಹಿಂದೆಯೇ ಓಡಿದೆ. ಮುಂಬಾಗಿಲ ಕೌಂಟರಿನ ಮೇಲೆ ಹಳೆಯ ಕರಿ ಫೋನೊಂದಿತ್ತು. ಅವರು ರಿಸೀವರ್ ಎತ್ತಿ "ಹಲೋ" ಅಂದೇಬಿಟ್ಟರು.

"ಡಾಕ್ಟ್ರೇ, ಅದಕ್ಕೆ ವೈರೇ ಇಲ್ಲ!" ಎಂದು ಕಿರುಚಿದೆ.

ಅವರು ಸುಮ್ಮನಿರು ಎಂಬಂತೆ ಕೈ ಮಾಡಿದರು. ಅಷ್ಟರಲ್ಲಿ ಹಿಂದೆ ಧಡಾರ್ ಎಂದು ಸದ್ದು. ಊಟದ ಕೋಣೆಯ ಸೂರು ಕುಸಿದು, ನಾವು ನಿಂತಿದ್ದ ಜಾಗದಲ್ಲೇ ಟ್ರೈಪಾಡ್ ಚಪ್ಪಟೆಯಾಗಿತ್ತು. ಕಾರು ಸೇರುವವರೆಗೆ ಇಬ್ಬರೂ ತಿರುಗಿ ನೋಡಲಿಲ್ಲ.

ಫೋಟೋ ಕೊಡಲು ಹೋದಾಗ ಎಸ್ತರ್ ಅಜ್ಜಿಗೆ ಎಲ್ಲ ಹೇಳಿದೆ. ಹೆದರುತ್ತಾರೆಂದುಕೊಂಡರೆ ಬಿದ್ದುಬಿದ್ದು ನಕ್ಕರು. "ಮದುವೆಗಿದ್ದ ಗಂಡುಮಕ್ಕಳ ತಾಯಂದಿರು ಕೌಂಟರಿನವಳಿಗೆ ಹೇಳಿ ದಿನಾ ಹಾಗೆ ಕೂಗಿಸುತ್ತಿದ್ದರು. ಇಲ್ಲೊಬ್ಬ ಡಾಕ್ಟರ್ ಇದ್ದಾನೆ ಅಂತ ಹೆಣ್ಣಿನ ಕಡೆಯವರಿಗೆ ಗೊತ್ತಾಗಲಿ ಅಂತ. ನನ್ನ ಗಂಡನನ್ನೂ ಡಾಕ್ಟರ್ ಅಂತಲೇ ಕೂಗಿಸಿದ್ದರು. ಅವನು ಶೂ ಮಾರುತ್ತಿದ್ದ!" ಆಮೇಲೆ ಫೋಟೋದಲ್ಲಿ ಕಿಟಕಿ ಪಕ್ಕದ ಮೂಲೆಯ ಮೇಲೆ ಬೆರಳಿಟ್ಟು, "ಇಲ್ಲೇ ಕೂತಿದ್ದ," ಎಂದರು.

ಸರಿ, ಕೂಗಿಸುವ ಪದ್ಧತಿ ಇತ್ತು. ಆದರೆ ಪಾಟೀಲರಿಗೆ ಮದುವೆಯಾಗಿ ಇಬ್ಬರು ಮಕ್ಕಳಿದ್ದಾರೆ. ಅವರ ಹೆಸರು ಆ ಲೌಡ್‌ಸ್ಪೀಕರಿಗೆ ಹೇಗೆ ಗೊತ್ತು?

ತಿಂಗಳಾದ ಮೇಲೆ ಅವರ ಮನೆಗೆ ಊಟಕ್ಕೆ ಹೋದಾಗ, ಆ ಫೋನಿನಲ್ಲಿ ಏನಾದರೂ ಕೇಳಿಸಿತೇ ಎಂದು ಕೇಳಿದೆ.

"ಯಾರೋ ಹೆಣ್ಮಗಳು," ಎಂದರು ಪಾಟೀಲರು. "ಊಟ ಆತೇನು ಅಂತ ಕೇಳಿದ್ಲು. ಇಲ್ಲ ಅಂದೆ. ಮದ್ಲ ಹೊರಗ ನಡಿ ಅಂದ್ಲು."

"ಯಾವ ಭಾಷೇಲಿ?"

ರೊಟ್ಟಿ ಮುರಿಯುತ್ತಿದ್ದ ಅವರ ಕೈ ನಿಂತಿತು. "ಅದ ನೋಡ್ರಿ... ಆಕಿ ಹೇಳಿದ್ದು ನನಗ ಪೂರಾ ತಿಳೀತು. ಭಾಷಾ ಯಾವ್ದಂತ ಮಾತ್ರ ನೆನಪಾಗವಲ್ದು."

ಅವರ ಹೆಂಡತಿ ಇಬ್ಬರ ತಟ್ಟೆಗೂ ಇನ್ನೊಂದೊಂದು ರೊಟ್ಟಿ ಹಾಕಿದರು. ಆ ದನಿ ಯಾರದೆಂದು ನನಗೆ ಇವತ್ತಿಗೂ ಬಗೆಹರಿದಿಲ್ಲ.